‘ಎಷ್ಟು ಸಲ?’ ಎಂದು ಕೇಳಿಕೊಂಡಾಗ ಲಾಗ್ ಅರ್ಥವಾಯಿತು

ಪಿಯುಸಿಯಲ್ಲಿ ಲಾಗ್ ಟೇಬಲ್ ನೋಡುವುದನ್ನು ಚೆನ್ನಾಗಿಯೇ ಕಲಿತಿದ್ದೆ. ಆದರೆ ಲಾಗ್ ಎಂದರೇನು ಎಂದು ಯಾರಾದರೂ ಕೇಳಿದ್ದರೆ ಬಾಯಿ ಕಟ್ಟುತ್ತಿತ್ತು. ಆ ಗಂಟು ಸಡಿಲವಾದದ್ದು ಅಮ್ಮನ ಪ್ರಶ್ನೆಯಿಂದ. ಒಂದು ಲಕ್ಷ ರೂಪಾಯಿಯ ಠೇವಣಿ ಪತ್ರ ಹಿಡಿದುಕೊಂಡು ಬಂದು, “ಶೇಕಡಾ 7 ಬಡ್ಡಿಯಂತೆ. ಇದು ಎರಡು ಲಕ್ಷ ಆಗುವುದು ಯಾವಾಗ, ಲೆಕ್ಕ ಹಾಕಿ ಹೇಳು” ಎಂದಳು.

ಬಡ್ಡಿ ವರ್ಷಕ್ಕೊಮ್ಮೆ ಅಸಲಿಗೆ ಸೇರುತ್ತಿತ್ತು. ಅಂದರೆ ಪ್ರತಿ ವರ್ಷ ಮೊತ್ತವನ್ನು 1.07ರಿಂದ ಗುಣಿಸಬೇಕು. ಗುಣಿಸುತ್ತಾ ಹೋದೆ: 10 ವರ್ಷಕ್ಕೆ 1.967 ಪಟ್ಟು, 11ಕ್ಕೆ 2.105. ಉತ್ತರ ಇವೆರಡರ ನಡುವೆ ಎಲ್ಲೋ ಇದೆ. 1.07ನ್ನು ಎಷ್ಟು ಸಲ ಗುಣಿಸಿದರೆ 2 ಬರುತ್ತದೆ ಎಂಬ ಆ ಬೇಕಾದ ಸಂಖ್ಯೆ ಘಾತಾಂಕದ ಜಾಗದಲ್ಲಿ, ಮೇಲೆ ಕುಳಿತಿದೆ. ಅದನ್ನು ಕೆಳಗಿಳಿಸುವುದು ಹೇಗೆ?

ಗಣಿತದ ಇತಿಹಾಸ ಓದುವಾಗ ಕಂಡಿದ್ದ ‘ಅರ್ಧಚ್ಛೇದ’ ಆಗ ನೆನಪಾಯಿತು. 9ನೇ ಶತಮಾನದ ಜೈನ ಆಚಾರ್ಯ ವೀರಸೇನರ ‘ಧವಲಾ’ ಎಂಬ ಟೀಕೆಯಲ್ಲಿ, ಅಂದರೆ ವ್ಯಾಖ್ಯಾನ ಗ್ರಂಥದಲ್ಲಿ, ಬರುವ ಪದವದು. ಆ ಟೀಕೆಯ ತಾಳೆಗರಿಗಳು ಉಳಿದು ಬಂದದ್ದು ನಮ್ಮ ಮೂಡುಬಿದಿರೆಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಒಂದು ಸಂಖ್ಯೆಯನ್ನು 1 ಉಳಿಯುವವರೆಗೆ ಎಷ್ಟು ಸಲ ಅರ್ಧ ಮಾಡಬಹುದೋ ಅದು ಅದರ ಅರ್ಧಚ್ಛೇದ. 32, 16, 8, 4, 2, 1: ಐದು ಸಲ. 8ಕ್ಕೆ ಮೂರು, 4ಕ್ಕೆ ಎರಡು. 8 × 4 = 32; 3 + 2 = 5. ಗುಣಾಕಾರ ಕೂಡುವ ಲೆಕ್ಕವಾಗಿ ಮಾರ್ಪಡುವುದನ್ನು ಬೆರಳೆಣಿಕೆಯಲ್ಲೇ ಕಂಡು ಮೈ ಜುಮ್ಮೆಂದಿತು. ಲಾಗ್ ಎಂದರೆ ಇದೇ, ‘ಎಷ್ಟು ಸಲ?’ ಎಂಬ ಪ್ರಶ್ನೆ. ಇದು 2ರ ಆಧಾರದ ಲಾಗ್. ಟೇಬಲ್ ಪುಸ್ತಕದಲ್ಲಿರುವುದು 10ರ ಆಧಾರದ್ದು. 1614ರಲ್ಲಿ ಗಣಿತಜ್ಞ ನೇಪಿಯರ್ ತನ್ನ ಲಾಗ್ ಕೋಷ್ಟಕ ಪ್ರಕಟಿಸಿದ ಮೇಲೆ ಇನ್ನೊಬ್ಬ ಗಣಿತಜ್ಞ ಬ್ರಿಗ್ಸ್ ರೂಢಿಗೆ ತಂದ ಆಧಾರ ಅದು.

ವರ್ಷಗಳನ್ನು ‘ವ’ ಎಂದುಕೊಂಡರೆ, 1.07ರ ಘಾತ ‘ವ’ = 2 ಎಂಬುದು ಸಮೀಕರಣ. ಅದರ ಎರಡೂ ಬದಿಗೆ ಲಾಗ್ ಹಾಕಿದೆ. ಘಾತಾಂಕ ಇಳಿದು ಮುಂದೆ ಬಂದು ನಿಲ್ಲುತ್ತದೆ:

ವ × ಲಾಗ್ 1.07 = ಲಾಗ್ 2

‘ವ’ ಸಿಗಬೇಕಾದರೆ ಲಾಗ್ 2ನ್ನು ಲಾಗ್ 1.07ರಿಂದ ಭಾಗಿಸಬೇಕು. ಇಲ್ಲಿ ಎಡವಿದೆ. ಭಾಗಾಕಾರ ಇದ್ದಲ್ಲಿ ಲಾಗ್‌ಗಳನ್ನು ಕಳೆಯಬೇಕು ಎಂಬ ನಿಯಮ ತಲೆಯಲ್ಲಿತ್ತು. ಲಾಗ್ 2 ಎಂದರೆ 0.3010, ಲಾಗ್ 1.07 ಎಂದರೆ 0.0294. ಮೊದಲನೆಯದರಿಂದ ಎರಡನೆಯದನ್ನು ಕಳೆದೆ, 0.2716 ವರ್ಷ ಬಂತು. ಮೂರು ತಿಂಗಳು ಚಿಲ್ಲರೆಯಲ್ಲಿ ಹಣ ದುಪ್ಪಟ್ಟಾಗುವ ಠೇವಣಿ ಎಲ್ಲಿಯೂ ಇಲ್ಲ! ಒಂದೇ ಲಾಗ್‌ನ ಒಳಗೆ ಭಾಗಾಕಾರ ಇದ್ದರೆ ಮಾತ್ರ ಕಳೆಯಬೇಕು. ಇಲ್ಲಿರುವುದು ಎರಡು ಬೇರೆ ಲಾಗ್‌ಗಳು, ಎರಡು ಸಾಮಾನ್ಯ ಸಂಖ್ಯೆಗಳು; ನೇರವಾಗಿ ಭಾಗಿಸಬೇಕು. 0.3010 ÷ 0.0294 = 10.24. ಮೊದಲು ಕೈಯಲ್ಲಿ ಗುಣಿಸಿ ನೋಡಿದ್ದಕ್ಕೆ ಸರಿಹೊಂದಿತು. ಬಡ್ಡಿ ವರ್ಷದ ಕೊನೆಗೆ ಸೇರುವುದರಿಂದ 11 ವರ್ಷ ತುಂಬಬೇಕು.

“ಹಾಗಾದರೆ ಮೂರು ಲಕ್ಷಕ್ಕೆ?” ಎಂದಳು ಅಮ್ಮ. ಲಾಗ್ 3 ಎಂದರೆ 0.4771. ಅದನ್ನು 0.0294ರಿಂದ ಭಾಗಿಸಿದೆ, 16.2. “ಹದಿನೇಳು ವರ್ಷ, ಅಮ್ಮ.”