ತೋಟದಲ್ಲಿ ಜೇನು, ಕಣಜ ಹೊಡೆದರೆ ಮೊದಲ ಒಂದು ಗಂಟೆ

ಸಾಗರದ ಕಡೆ ನಮ್ಮದು ಅಡಿಕೆ ತೋಟ. ಕೆಲಸಕ್ಕೆ ಬಂದವರಿಗೆ ಕಣಜವೋ ಜೇನೋ ಹೊಡೆಯುವುದು ಇಲ್ಲಿ ಹೊಸದೇನಲ್ಲ. ನಾನು ಹೇಳಬೇಕಾದ ಮುಖ್ಯ ಮಾತು ಒಂದೇ: ಹುಳ ಹೊಡೆದವರನ್ನು ಒಬ್ಬರನ್ನೇ ಮನೆಗೆ ಕಳಿಸಬೇಡಿ.

ಕೆಲಸಕ್ಕೆ ಮೊದಲು ಎರಡು ನಿಮಿಷ ಸುಮ್ನೆ ನಿಂತು ನೋಡಿ. ಒಂದೇ ದಾರಿಯಲ್ಲಿ ಹುಳ ಹೋಗಿ ಬಂದು ಮಾಡುತ್ತಿದ್ದರೆ ಅಲ್ಲೇ ಗೂಡಿದೆ ಎಂದರ್ಥ. ಎಲೆಯ ಅಡಿಗೆ, ಪೊದೆಯೊಳಗೆ, ಪಂಪ್ ಶೆಡ್ಡಿನ ಮಾಡಿನಲ್ಲಿ ಕಣಜ ಬೂದು ಬಣ್ಣದ ಗೂಡು ಕಟ್ಟುತ್ತದೆ. ಮಳೆಗಾಲ ಮುಗಿದು ಕಳೆ ಕೊಚ್ಚುವ ಮೆಷಿನ್ ಹಿಡಿದಾಗ ಅದರ ಸದ್ದು, ಅದುರಿಗೆ ಎಲ್ಲ ಒಟ್ಟಿಗೇ ಏಳುತ್ತವೆ. ಹೆಜ್ಜೇನು ಹಾಗಲ್ಲ, ಎತ್ತರದ ಕೊಂಬೆಯಲ್ಲಿ ಬಯಲಿಗೇ ತೂಗುತ್ತಿರುತ್ತದೆ. ಕಪ್ಪಗೆ ಕಾಣುವ ಹುಟ್ಟಿನ ಮೇಲೆ ಸರ್ರನೆ ಒಂದು ಅಲೆ ಹಾದುಹೋಗುವುದನ್ನು ನೋಡಿದ್ದೀರಾ? ಹುಳಗಳು ಸಾಲಾಗಿ ಹೊಟ್ಟೆ ಎತ್ತಿ ಇಳಿಸುತ್ತವೆ. ಹತ್ತಿರ ಬರಬೇಡ ಎಂಬ ಎಚ್ಚರಿಕೆ ಅದು. ಮತ್ತೆ ಮತ್ತೆ ಅಲೆ ಎದ್ದರೆ ಅವತ್ತು ಆ ಮರದ ಕೆಳಗೆ ಕೆಲಸ ಬೇಡ. ದರಕಿಗೆ, ಅಂದರೆ ಉದುರಿದ ಒಣ ಎಲೆಗೆ, ಬೆಂಕಿ ಹಾಕುವುದಂತೂ ಬೇಡವೇ ಬೇಡ.

ಜೇನು ಎದ್ದಿತೋ, ಓಡಿ. ಕೈ ಬೀಸಬೇಡಿ, ಹುಳ ಹೊಸಕಬೇಡಿ. ಅಂಗಿಯನ್ನು ಮುಖದ ಮೇಲೆ ಎಳೆದುಕೊಂಡು ಮನೆಯೊಳಗೋ ಕಾರೊಳಗೋ ಸೇರಿ ಬಾಗಿಲು ಹಾಕಿ. ಕೆರೆಗೆ ಹಾರಿದರೆ ತಪ್ಪಿಸಿಕೊಳ್ಳಬಹುದು ಅನ್ನುತ್ತಾರೆ, ಅದು ಅಪಾಯ. ತಲೆ ಎತ್ತುವುದನ್ನೇ ಅವು ಮೇಲೆ ಕಾಯುತ್ತಿರುತ್ತವೆ. ಜೇನು ಹೊಡೆದ ಜಾಗದಿಂದ ಬಾಳೆಹಣ್ಣಿನಂಥ ವಾಸನೆ ಬರುತ್ತದೆ, ಉಳಿದ ಹುಳಗಳನ್ನು ಕರೆಯುವುದು ಅದೇ. ಹಾಗಾಗಿ ಬಿಟ್ಟು ಬಂದ ಕತ್ತಿ, ಬೈಕು ತರಲು ಕೂಡಲೇ ವಾಪಸ್ ಹೋಗಬೇಡಿ.

ಸುರಕ್ಷಿತ ಜಾಗ ಸೇರಿದ ತಕ್ಷಣ ಮುಳ್ಳು ತೆಗೆಯಿರಿ. ಕಣಜ ಮುಳ್ಳು ಬಿಟ್ಟು ಹೋಗುವುದಿಲ್ಲ, ಅದಕ್ಕೇ ಒಂದೇ ಹುಳ ನಾಲ್ಕಾರು ಸಲ ಹೊಡೆಯಬಲ್ಲದು. ಜೇನಿನ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ. ಬಗ್ಗಿ ನೋಡಿದರೆ ಅದರ ತುದಿಯಲ್ಲಿ ಬಿಳಿಯ ಪುಟ್ಟ ಚೀಲ ಕಾಣುತ್ತದೆ. ಹುಳ ಹೋದ ಮೇಲೂ ಅದು ಮಿಡಿಯುತ್ತಾ ವಿಷ ತಳ್ಳುತ್ತಿರುತ್ತದೆ. ಉಗುರಲ್ಲಿ ಕೆರೆದು ತೆಗೆಯಿರಿ, ಚಿವುಟಿ ತೆಗೆಯಿರಿ, ಹೇಗಾದರೂ ಸರಿ, ಬೇಗ ತೆಗೆಯಿರಿ. ಚಿಮಟ ಹುಡುಕುತ್ತಾ ಕೂರಬೇಡಿ.

ಆಮೇಲೆ ಸೋಪು ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಒತ್ತಿ ಹಿಡಿಯಿರಿ. ಕೈಗೆ ಹೊಡೆದಿದ್ದರೆ ಉಂಗುರ, ಬಳೆ ಮೊದಲೇ ಬಿಚ್ಚಿ, ಬಾತ ಮೇಲೆ ಬರುವುದಿಲ್ಲ. ಸುಣ್ಣ ಹಚ್ಚುವ ರೂಢಿ ನಮ್ಮ ಕಡೆ ಜಾಸ್ತಿ. ದಯವಿಟ್ಟು ಬೇಡ, ಚರ್ಮ ಸುಡುತ್ತದೆ. ಊತ ಮರುದಿನ ಇನ್ನೂ ಹೆಚ್ಚಾದರೆ ಗಾಬರಿ ಬೇಡ, ಕೆಲವು ದಿನಗಳಲ್ಲಿ ತಾನಾಗೇ ಇಳಿಯುತ್ತದೆ.

ಈಗ ಆ ಒಂದು ಗಂಟೆ. “ಏನಾಗಲ್ಲ ಅಮ್ಮ, ಮನೆಗೆ ಹೋಗಿ ಮಲಗ್ತೀನಿ” ಅಂತ ಎಲ್ಲರೂ ಹೇಳುತ್ತಾರೆ. “ಇಲ್ಲ, ಒಂದು ಗಂಟೆ ಇಲ್ಲೇ ಜಗಲಿ ಮೇಲೆ ಕೂತಿರಿ” ಅನ್ನುತ್ತೇನೆ. ಕೆಲವರ ಮೈಗೆ ಒಂದೇ ಒಂದು ಹುಳದ ವಿಷವೂ ಒಗ್ಗುವುದಿಲ್ಲ. ಹಿಂದೆ ಹೊಡೆದಾಗ ಏನೂ ಆಗಿರಲಿಲ್ಲ ಅನ್ನುವುದನ್ನು ನಂಬುವಂತಿಲ್ಲ. ಹೊಡೆದ ಜಾಗ ಬಿಟ್ಟು ಮೈಯೆಲ್ಲ ದದ್ದು, ತುಟಿ ನಾಲಿಗೆ ಊತ, ಧ್ವನಿ ಗೊಗ್ಗರಾಗುವುದು, ಉಸಿರು ಕಟ್ಟುವುದು, ವಾಂತಿ, ತಲೆ ಸುತ್ತು – ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಫೋನ್ ಮಾಡಿ. ನಡೆಸಬೇಡಿ. ಮಲಗಿಸಿ ಕಾಲು ಎತ್ತರದಲ್ಲಿಡಿ, ಉಸಿರಾಟಕ್ಕೆ ಕಷ್ಟವಾದರೆ ಕೂರಿಸಿ. ಆಗ ಬೇಕಿರುವುದು ಅಡ್ರಿನಲಿನ್ ಇಂಜೆಕ್ಷನ್. ಸೆಟ್ರಿಜಿನ್ ಮಾತ್ರೆ ತುರಿಕೆಗೆ ಸರಿ, ಪ್ರಾಣ ಉಳಿಸಲು ಸಾಲದು. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಆ ಇಂಜೆಕ್ಷನ್ ಇರುತ್ತದೆ ಎಂದು ಕೊಯ್ಲು ಶುರುವಾಗುವ ಮೊದಲೇ ವಿಚಾರಿಸಿಡಿ.

ಬಾಯೊಳಗೆ, ಗಂಟಲಿಗೆ, ಕಣ್ಣಿಗೆ ಹೊಡೆದಿದ್ದರೂ ಆಸ್ಪತ್ರೆಯೇ. ಹೆಜ್ಜೇನಿನ ಹಿಂಡೇ ಮುತ್ತಿದ್ದರೆ ಆರಾಮಾಗಿ ಮಾತಾಡುತ್ತಿದ್ದರೂ ಕರೆದುಕೊಂಡು ಹೋಗಿ. ಅಷ್ಟು ವಿಷ ಕಿಡ್ನಿಗೆ ಪೆಟ್ಟು ಕೊಟ್ಟದ್ದು ಒಂದೆರಡು ದಿನ ಕಳೆದ ಮೇಲೆ ಗೊತ್ತಾಗಬಹುದು. ಮೂತ್ರ ಕಮ್ಮಿಯಾಯಿತೇ, ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತೇ ಎಂದು ಕೇಳಿ, ಹೌದೆಂದರೆ ಮತ್ತೆ ಡಾಕ್ಟರ ಹತ್ತಿರ ಹೋಗಬೇಕು. ಎಷ್ಟು ಹೊತ್ತಿಗೆ ಹೊಡೆಯಿತು, ಸುಮಾರು ಎಷ್ಟು ಹುಳ, ಯಾವ ಮಾತ್ರೆ ಕೊಟ್ಟಿದ್ದೀರಿ ಎಂದು ಚೀಟಿಯಲ್ಲಿ ಬರೆದು ಜೊತೆಗೆ ಹೋಗುವವರ ಕೈಗೆ ಕೊಡಿ.