4,840 ಗುಳಿ, 240 ಕೆಜಿ ರಾಗಿ

ನಮ್ಮ ಶಾಲೆ ಹಿಂದೆ ಒಬ್ಬ ಅಜ್ಜಿಯ 10 ಗುಂಟೆ ಜಮೀನಿದೆ. ಉಳುವವರಿಲ್ಲದೆ ಬೀಳು ಬಿದ್ದಿತ್ತು. 2024ರ ಮುಂಗಾರಿಗೆ ಮುಂಚೆ ಹೋಗಿ, "ಒಂಬತ್ತನೇ ಕ್ಲಾಸಿನ ಮಕ್ಕಳು ರಾಗಿ ಹಾಕ್ತಾರೆ, ಕೊಡ್ತೀರಾ?" ಅಂತ ಕೇಳಿದೆ. "ಸುಮ್ನೆ ಲಂಟಾನ ಬೆಳೀತಿದೆ, ಮಾಡ್ಕಳಿ ಮೇಷ್ಟ್ರೇ" ಅಂದರು.

ನಮ್ಮ ತುಮಕೂರು ಕಡೆ ಕೂರಿಗೆಯಲ್ಲಿ ಬಿತ್ತುವುದೇ ಜಾಸ್ತಿ. ನಾನು ಹಾವೇರಿ ಕಡೆಯ ಗುಳಿ ರಾಗಿ, ಅಂದರೆ ಗುಳಿ ತೆಗೆದು ಪೈರು ನೆಡುವ ಪದ್ಧತಿ, ನೋಡಿ ಬಂದಿದ್ದೆ. ಅದನ್ನೇ ಹಿಡಿದೆವು.

ಶುರುವಾಗಿದ್ದು ಗಣಿತದಿಂದ. ಒಂದು ಗುಂಟೆಗೆ 1,089 ಚದರ ಅಡಿ. ಅತ್ತ ಒಂದೂವರೆ ಅಡಿ, ಇತ್ತ ಒಂದೂವರೆ ಅಡಿಗೆ ಒಂದು ಗುಳಿ. ಒಟ್ಟು ಎಷ್ಟು? ಬೋರ್ಡ್ ಮೇಲೆ 4,840 ಬಂದಾಗ ಮಕ್ಕಳು ನಕ್ಕರು. ಗುದ್ದಲಿ ಹಿಡಿದ ಮೇಲೆ ನಗು ನಿಂತಿತು. ಗುಳಿಗೊಂದು ಹಿಡಿ ಕೊಟ್ಟಿಗೆ ಗೊಬ್ಬರ, ಎರಡು ಪೈರು. ಬೀಜ ಕಾಲು ಕೆಜಿ ಸಾಕಾಯಿತು. ರಾಗಿ ನಡುವಿನ ಅಕ್ಕಡಿ ಸಾಲಿಗೆ ಅವರೆ, ತೊಗರಿ. ಬದುವಿನ ಸುತ್ತ ಹುಚ್ಚೆಳ್ಳು, ಅದಕ್ಕೆ ದನ ಬಾಯಿ ಹಾಕಲ್ಲ.

ಪೈರು ಬೇರು ಹಿಡಿದ ಮೇಲೆ ಕೊರಡು ಹೊಡೆಯಬೇಕು. ಅಂದರೆ ಪೈರಿನ ಮೇಲೇ ಮರದ ದಿಮ್ಮಿ ಎಳೆಯುವುದು. ಎತ್ತು ಇರಲಿಲ್ಲ, ಇಬ್ಬರು ಹುಡುಗರು ಹಗ್ಗ ಹಿಡಿದು ಎಳೆದರು. ಒಬ್ಬಳು ಅಳುವುದೊಂದು ಬಾಕಿ. "ಸಾರ್, ಎಲ್ಲಾ ಮಲಗಿಬಿಡ್ತು!" ಎರಡು ದಿನಕ್ಕೆ ಎದ್ದು ನಿಂತವು. ಬಗ್ಗಿದ ಬುಡದಲ್ಲಿ ತೆಂಡೆ, ಅಂದರೆ ಪಕ್ಕದ ಮರಿಪೈರು, ಒಡೆದವು. ಒಂದು ಬುಡದಲ್ಲಿ 30 ಎಣಿಸಿ ಬಿಟ್ಟೆವು. ಇದೇ ಗುಂಗಿನಲ್ಲಿ ಪರೀಕ್ಷೆ ಮುಗಿಸಿಕೊಂಡು ತಡವಾಗಿ ಇನ್ನೊಂದು ಸಲ ಎಳೆಸಿದೆ. ಅಷ್ಟರಲ್ಲಿ ಕಡ್ಡಿ ಗೆಣ್ಣು ಕಟ್ಟಿತ್ತು. ಎರಡು ಸಾಲು ಲಟಲಟ ಮುರಿಯಿತು. ತಪ್ಪು ನನ್ನದೇ.

ಇಷ್ಟೆಲ್ಲಾ ಬೇಸಾಯದ ಮಾತಾಯಿತು. ನಾನು ಪಾಠವೆಂದುಕೊಳ್ಳದೇ ಇದ್ದದ್ದು ಬೇರೆ ಇತ್ತು.

ನಾಟಿ ದಿನ ಕೈ ಸಾಲದೆ ಊರಿನ ನಾಲ್ವರು ಹೆಂಗಸರನ್ನು, ಒಬ್ಬ ಗಂಡಾಳನ್ನು ಕರೆದಿದ್ದೆ. ನಮ್ಮೂರ ರೇಟು ಗಂಡಿಗೆ 500, ಹೆಣ್ಣಿಗೆ 300. ಸಂಜೆ ದುಡ್ಡು ಎಣಿಸುವಾಗ ಒಬ್ಬ ಹುಡುಗಿ ಕೇಳಿದಳು, "ಸಾರ್, ಅಮ್ಮ ಊಟಕ್ಕೂ ಏಳದೆ ನಾಟಿ ಹಾಕಿದ್ರು. 300 ಯಾಕೆ?" ಆ ನಾಲ್ವರಲ್ಲಿ ಒಬ್ಬರು ಅವಳ ಅಮ್ಮ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿದೆ ಅಂತ ನಾನೇ ಕ್ಲಾಸಲ್ಲಿ ಹೇಳಿದ್ದೆ. ಎಲ್ಲರಿಗೂ 500 ಕೊಟ್ಟೆ. ಮಾರನೇ ದಿನ ಪಕ್ಕದ ಹೊಲದವರು ಬಂದು, "ಕೂಲಿ ರೇಟು ಕೆಡಿಸಬೇಡಿ ಮೇಷ್ಟ್ರೇ" ಅಂದರು. ಅವರ ಕಷ್ಟವೂ ಸುಳ್ಳಲ್ಲ, ರಾಗಿಯಲ್ಲಿ ಉಳಿಯುವುದು ಎಷ್ಟು ಅಂತ ನಮಗೂ ಗೊತ್ತಾಗಿತ್ತು.

ಈಗ ಎಲ್ಲರೂ ಟಾರು ರೋಡಿಗೆ ರಾಗಿ ಹರಡುತ್ತಾರೆ. ನಾವು ಹಟ ಹಿಡಿದು ಸಗಣಿ ಸಾರಿಸಿ ಕಣ ಮಾಡಿದೆವು. ತೂರಿ ತೂಗಿದಾಗ 240 ಕೆಜಿ.

ಮಾರೋಣ ಅಂದ ಒಬ್ಬ. ಆ ವರ್ಷ ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ರೂಪಾಯಿ. ಆದರೆ ಖರೀದಿ ಕೇಂದ್ರದಲ್ಲಿ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ ಕೇಳುತ್ತಾರೆ, ಅದು ಪಹಣಿ ಇದ್ದವರಿಗೆ. "ಹಂಗಾದ್ರೆ ಬೇರೆಯವರ ಹೊಲ ವಾರಕ್ಕೆ, ಪಾಲಿಗೆ ಮಾಡೋ ನಮ್ಮಪ್ಪ?" ಅಂದ ಇನ್ನೊಬ್ಬ. ನಾನು ಏನು ಹೇಳಲಿ?

ಹಂಚಿಕೊಳ್ಳುವುದೇ ಸರಿ ಅಂತಾಯಿತು. ಅಜ್ಜಿಗೆ ಕಾಲು ಪಾಲು, 60 ಕೆಜಿ. ಉಳಿದದ್ದು 21 ಮಕ್ಕಳಿಗೆ. ನಾಟಿ ಹಾಕಿದ ಹೆಂಗಸರಿಗೂ ಬೇಡವಾ ಅನ್ನುವಲ್ಲಿ ಜಗಳ ಹತ್ತಿತು. "ಕೂಲಿ ಕೊಟ್ಟಾಯ್ತಲ್ಲ" ಅಂತ ಕೆಲವರು. ಕಣದ ಆಚೆ ನಿಂತಿದ್ದ ಆ ನಾಲ್ವರಲ್ಲಿ ಹಿರಿಯಾಕೆ ಯಾರನ್ನೂ ನೋಡದೆ ಹೇಳಿದರು: "ನಮ್ಮತ್ತೆ ಕಾಲದಾಗೆ ನಾವು ಕಣದೊಳಗೆ ಕಾಲಿಡಂಗಿರ್ಲಿಲ್ಲ. ಬೇಲಿ ಹತ್ರ ಮೊರ ಹಿಡ್ಕಂಡು ನಿಂತ್ಕಂಡ್ರೆ ಕೊನೆಗೆ ಜೊಳ್ಳು ಸುರಿಯೋರು."

ಯಾರೂ ಮಾತಾಡಲಿಲ್ಲ. ಜೋರಾಗಿ ಜಗಳ ಆಡುತ್ತಿದ್ದ ಹುಡುಗನೇ ಹೋಗಿ ಮೊರ ತಂದ. "ಬನ್ನಿ ಅಜ್ಜಿ, ನೀವೇ ಅಳೀರಿ" ಅಂದ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ರಾಶಿ ಮುಂದೆ ಕೂತರು. 25 ಪಾಲು, ಪಾಲಿಗೆ 7 ಕೆಜಿ.

ಮಿಕ್ಕ 5 ಕೆಜಿ ಬೀಜಕ್ಕೆ ಇಡೋಣ ಅಂದೆ. ಜಮೀನಿನ ಅಜ್ಜಿ ನಕ್ಕುಬಿಟ್ಟರು. ಕೊಯ್ಲಿಗೆ ಮುಂಚೆಯೇ ಒಳ್ಳೊಳ್ಳೆ ತೆನೆ ಆರಿಸಿ ಅಡುಗೆ ಮನೆ ಜಂತಿಗೆ ಕಟ್ಟಿದ್ದರಂತೆ. ಆ 5 ಕೆಜಿ ಮಿಲ್ಲಿಗೆ ಹೋಯಿತು. ಮಾರನೇ ದಿನ ಮಧ್ಯಾಹ್ನ ಮುದ್ದೆ, ನಮ್ಮದೇ ಸಾಲಿನ ಹಸಿ ಅವರೆಕಾಳಿನ ಸಾರು.