ವರದಕ್ಷಿಣೆ ಸಾವು: ಯಾರು ಏನನ್ನು ಸಾಬೀತು ಮಾಡಬೇಕು?

‘ವರದಕ್ಷಿಣೆ ಕೇಸಿನಲ್ಲಿ ನಾವೇನೂ ಸಾಬೀತು ಮಾಡಬೇಕಿಲ್ಲ, ಎಲ್ಲ ಗಂಡನ ಮನೆಯವರ ತಲೆಗೇ ಬರುತ್ತದೆಯಂತೆ’ ಎಂದು ನಂಬಿ ಕೂತ ತಂದೆತಾಯಿಗಳನ್ನು ನೋಡಿದ್ದೇನೆ. ಅದು ಅರ್ಧ ಸತ್ಯ. ಉಳಿದರ್ಧ ಗೊತ್ತಿಲ್ಲದೆ ಕೇಸುಗಳು ಬಿದ್ದುಹೋಗುತ್ತವೆ.

ಮೊದಲು ಶವದ ಮಹಜರು. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಅನುಮಾನಾಸ್ಪದವಾಗಿ ಸತ್ತರೆ ಪೊಲೀಸರ ಜತೆಗೆ ಮ್ಯಾಜಿಸ್ಟ್ರೇಟರೂ ವಿಚಾರಣೆ ನಡೆಸಬೇಕು. ನಮ್ಮಲ್ಲಿ ಸಾಮಾನ್ಯವಾಗಿ ತಹಶೀಲ್ದಾರರು ಬಂದು ಶವದ ಮಹಜರು ಮಾಡುತ್ತಾರೆ. ಅದಾಗುವವರೆಗೆ ‘ಬೇಗ ಮಣ್ಣು ಮಾಡೋಣ’ ಎಂಬ ಮಾತಿಗೆ ಒಪ್ಪಬೇಡಿ.

ಆಮೇಲೆ ದೂರು. ಯಾವ ಠಾಣೆಯಲ್ಲಾದರೂ ಕೊಡಬಹುದು. 2024ರ ಜುಲೈ 1ರಿಂದ ಈಚಿನ ಸಾವಿಗೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 80, ಅದಕ್ಕೂ ಹಿಂದಿನದಕ್ಕೆ ಐಪಿಸಿ 304ಬಿ. ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ‘ತುಂಬಾ ಹಿಂಸೆ ಕೊಡುತ್ತಿದ್ದರು’ ಎಂದಷ್ಟೇ ಬರೆಸಬೇಡಿ. ಯಾರು, ಯಾವಾಗ, ಎಷ್ಟು ಕೇಳಿದರು ಎಂಬುದೆಲ್ಲ ಬರಲಿ. ಒಬ್ಬ ತಾಯಿ ಹಾಲಿನ ಲೆಕ್ಕದ ಪುಸ್ತಕ ತಂದಿದ್ದರು. ಅದರ ಅಂಚಿನಲ್ಲಿ ಪೆನ್ಸಿಲಿನಲ್ಲಿ, ‘ಬೈಕಿಗೆ 40 ಸಾವಿರ, ಅಳಿಯಂದಿರಿಗೆ’ ಎಂದು ತಾರೀಖಿನ ಸಮೇತ ಬರೆದಿತ್ತು. ಅಂಥ ಒಂದು ಸಾಲಿಗೆ ಬೆಲೆಯಿದೆ. ‘ಕೊಟ್ಟದ್ದೂ ಅಪರಾಧವಲ್ಲವೇ?’ ಎಂದು ಆಕೆ ನಡುಗುತ್ತಿದ್ದರು. ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರ ವಿರುದ್ಧವೇ ಮೊಕದ್ದಮೆ ಹೂಡುವಂತಿಲ್ಲ ಎಂದು ವರದಕ್ಷಿಣೆ ನಿಷೇಧ ಕಾಯ್ದೆಯೇ ಹೇಳುತ್ತದೆ.

ಈಗ ಮುಖ್ಯ ವಿಷಯ. ಸಾವು ಸಹಜವಲ್ಲ, ಅದು ಮದುವೆಯ ಏಳು ವರ್ಷದೊಳಗೆ ಆಗಿದೆ, ಗಂಡ ಅಥವಾ ಅವನ ಸಂಬಂಧಿಕರು ವರದಕ್ಷಿಣೆಗಾಗಿ ಕಿರುಕುಳ ಕೊಟ್ಟಿದ್ದಾರೆ, ಆ ಕಿರುಕುಳ ಸಾವಿಗೆ ‘ಸ್ವಲ್ಪ ಮುಂಚೆ’ ನಡೆದಿದೆ. ಇಷ್ಟನ್ನೂ ಪ್ರಾಸಿಕ್ಯೂಷನ್ನೇ (ಕೇಸು ನಡೆಸುವ ಸರ್ಕಾರದ ಕಡೆಯವರೇ) ತೋರಿಸಬೇಕು. ತೋರಿಸಿದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 118ರ ಪ್ರಕಾರ (ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ 113ಬಿ) ಆ ಸಾವಿಗೆ ಅವರೇ ಕಾರಣ ಎಂದು ನ್ಯಾಯಾಲಯ ಭಾವಿಸಲೇಬೇಕು. ಹೊಣೆ ಆರೋಪಿಯ ಹೆಗಲಿಗೆ ದಾಟುವುದು ಆಗ, ಅದಕ್ಕೆ ಮೊದಲಲ್ಲ. ಹಾಗಲ್ಲವೆಂದು ತೋರಿಸುವ ಅವಕಾಶ ಆರೋಪಿಗೆ ಇದ್ದೇ ಇರುತ್ತದೆ.

ಹೆಚ್ಚು ಕೇಸು ಎಡವುವುದು ಆ ‘ಸ್ವಲ್ಪ ಮುಂಚೆ’ಯಲ್ಲಿ. ಹಾಗೆಂದರೆ ‘ಸಾವಿನ ಹಿಂದಿನ ಕ್ಷಣ’ ಎಂದಲ್ಲ, ಕಿರುಕುಳಕ್ಕೂ ಸಾವಿಗೂ ಕಡಿಯದ ಹತ್ತಿರದ ನಂಟು ಇರಬೇಕು ಎಂದು ಸತ್ಬೀರ್ ಸಿಂಗ್ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮದುವೆಯ ದಿನದ ಜಗಳ ಮಾತ್ರ ಹೇಳಿ, ಸಾವಿನ ಹಿಂದಿನ ತಿಂಗಳ ಬಗ್ಗೆ ಸುಮ್ಮನಿದ್ದರೆ ಆ ನಂಟು ಕಾಣುವುದಿಲ್ಲ. ಕೊನೆಯ ವಾಟ್ಸ್‌ಆ್ಯಪ್ ಸಂದೇಶ, ನೆರೆಮನೆಯವರ ಮಾತು, ಹಬ್ಬಕ್ಕೆ ಬಂದಾಗ ಅವಳು ಅತ್ತು ಹೇಳಿದ್ದು ಬೇಕಾಗುವುದು ಇಲ್ಲೇ. ಮೊಬೈಲಿನಿಂದ ಏನನ್ನೂ ಅಳಿಸದೆ ಪೊಲೀಸರಿಗೆ ಒಪ್ಪಿಸಿ.

ಬೇಡಿಕೆ ಮದುವೆಯ ನಂತರದ್ದಾದರೂ ಅದು ವರದಕ್ಷಿಣೆಯ ಬೇಡಿಕೆಯೇ. ಮನೆ ಕಟ್ಟಲು ತವರಿನಿಂದ ಹಣ ತಾ ಎನ್ನುವುದೂ ವರದಕ್ಷಿಣೆಯೇ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಸಿಟ್ಟಿನಲ್ಲಿ ಗಂಡನ ಕಡೆಯವರನ್ನೆಲ್ಲ ಸೇರಿಸಬೇಡಿ. ದೂರದ ಊರಿನಲ್ಲಿರುವ ನಾದಿನಿಯ ಹೆಸರನ್ನು ಕಾರಣವಿಲ್ಲದೆ ಎಳೆದರೆ ನಿಜವಾಗಿ ಹಿಂಸಿಸಿದವರ ಮೇಲಿನ ಸಾಕ್ಷ್ಯವೂ ಸಡಿಲವಾಗುತ್ತದೆ.

ಅವಳಿಗೆ ಕೊಟ್ಟ ಒಡವೆ, ಹಣದ ಪಟ್ಟಿಯನ್ನೂ ಮಾಡಿಡಿ. ಏಳು ವರ್ಷದೊಳಗಿನ ಅಸಹಜ ಸಾವಾದರೆ ಆ ವರದಕ್ಷಿಣೆ ಅವಳ ಮಕ್ಕಳಿಗೆ ಸೇರಬೇಕು, ಮಕ್ಕಳಿಲ್ಲದಿದ್ದರೆ ತಂದೆತಾಯಿಗೆ.